ಬಿಸಿ ಟವೆಲಿನಡಿಯ ಕೇಳುಗರು ಮತ್ತು ಶ್ರೀ ಲೂಷಿಯಸ್ ಟಾಲಿವರ್

ಅಮೆರಿಕದ ಬಾಲ್ಟಿಮೋರ್ ನಗರದ ಪಶ್ಚಿಮ ಭಾಗದಲ್ಲಿ ಪುಸ್ತಕಗಳನ್ನು ಜೋಪಾನವಾಗಿ ಕಾಯ್ದ ಗ್ರಂಥಪಾಲಕರು ಅನೇಕರಿದ್ದಾರೆ. ಆದರೆ ಕಪ್ಪು ಗಂಡಸರು ಬೆಳೆಯುವ, ಎಡವುವ, ತಂದೆಯರಾಗಿ ಮಾಗುವ ಬಗೆಯನ್ನು ಹೇಳುವ ಪುಸ್ತಕಗಳನ್ನು ಅದೇ ಗಂಡಸರ ಕಿವಿಯವರೆಗೆ ಹೊತ್ತು ಒಯ್ದವರು ಯಾರೆಂದು ಕೇಳಿದರೆ, ಮೊದಲು ನೆನಪಾಗುವ ಹೆಸರು ಶ್ರೀ ಲೂಷಿಯಸ್ ಟಾಲಿವರ್ ಅವರದು. ಬಡಾವಣೆಯ ಶಾಖಾ ಗ್ರಂಥಾಲಯಕ್ಕೆ ಯುವಕರಾಗಿ ಸೇರಿ, ತಲೆ ಪೂರ್ತಿ ನರೆತ ಮೇಲೆ ಈ ವಸಂತದಲ್ಲಿ ನಿವೃತ್ತರಾಗುತ್ತಿರುವ ಅವರನ್ನು ಅಭಿನಂದಿಸುವ ಸಂತೋಷ ಈ ಸಂಪುಟದ ಪಾಲಿಗೆ ಬಂದಿದೆ.

ಸೇವೆಯ ಆರಂಭದಲ್ಲಿ ಅವರು ಮೇಲಧಿಕಾರಿಗಳೊಡನೆ ಹಟ ಹಿಡಿದು ಇಂಥ ಕಾದಂಬರಿ, ಆತ್ಮಕಥೆ, ಕವನಸಂಕಲನಗಳನ್ನು ಒಂದು ಗೋಡೆಯ ತುಂಬ ತರಿಸಿದರು. ಓದುವವರಾರು ಎಂದು ಅಧಿಕಾರಿಗಳು ಕೇಳಿದ್ದು ತಪ್ಪಾಗಿರಲಿಲ್ಲ. ಗಂಡಸರು ಬರುತ್ತಿದ್ದರು, ಪತ್ರಿಕೆ ತಿರುವಿ, ಚಳಿಗಾಲದಲ್ಲಿ ಕೈ ಬೆಚ್ಚಗೆ ಮಾಡಿಕೊಂಡು, ತಮ್ಮದೇ ಬದುಕು ತುಂಬಿದ್ದ ಆ ಗೋಡೆಗೆ ಬೆನ್ನು ಹಾಕಿ ಹೊರಟುಬಿಡುತ್ತಿದ್ದರು. ಟಾಲಿವರ್ ಅವರನ್ನು ಇದು ಬಹಳ ನೋಯಿಸಿತು. ಕೊನೆಗೊಂದು ಶನಿವಾರ ಚೀಲದ ತುಂಬ ಪುಸ್ತಕ ತುಂಬಿಕೊಂಡು, ಎರಡು ಬೀದಿ ಆಚೆಗಿದ್ದ ವಾರ್ಡೆಲ್ ಕ್ವಿಗ್ ಅವರ ಕ್ಷೌರದಂಗಡಿಗೆ ಹೊರಟರು.

ಅಲ್ಲಿ ಸಿಕ್ಕ ಸ್ವಾಗತ ಅಷ್ಟೇನೂ ಗೌರವದ್ದಾಗಿರಲಿಲ್ಲ.

"ಏನ್ ಸಾರ್, ಲೈಬ್ರರೀಲಿ ನಮ್ ಬಾಯಿ ಮುಚ್ಚಿಸಿದ್ದು ಸಾಲ್ದು ಅಂತ ಇಲ್ಲಿಗೂ ಬಂದ್ರಾ?" ಎಂದರು ಕ್ವಿಗ್.

ಟಾಲಿವರ್ ನಗಿಸುವ ಪುಟಗಳನ್ನು ಗಟ್ಟಿಯಾಗಿ ಓದಿದಾಗ ಅಂಗಡಿ ನಕ್ಕಿತು. ಮೃದುವಾದ ಪುಟ ಬಂದೊಡನೆ ಬೆಂಚಿನ ಮೇಲಿದ್ದವರೆಲ್ಲ ಗೇಲಿಗಿಳಿದರು. ಬಂದರಿನಲ್ಲಿ ಸರಕು ಇಳಿಸುವ ಲಿನ್‌ವುಡ್ ಸೈಕ್ಸ್ ಎಲ್ಲರಿಗಿಂತ ಜೋರು: "ಇಲ್ಲಿ ಗಡ್ಡ ತೆಗೀತಾರೆ ಸಾರ್, ಕಣ್ಣೀರು ತೆಗ್ಯೋದು ಚರ್ಚಲ್ಲಿ!"

ಸರದಿ ಬಂದಾಗ ಇದೇ ಲಿನ್‌ವುಡ್ ಕುರ್ಚಿಯಲ್ಲಿ ಒರಗಿದರು. ಗಡ್ಡ ಮೆತ್ತಗಾಗಲೆಂದು ಅವರ ಮುಖದ ಮೇಲೆ ಕ್ವಿಗ್ ಬಿಸಿ ಟವೆಲು ಹೊದಿಸಿದರು. ಟಾಲಿವರ್ ಓದು ನಿಲ್ಲಿಸಿರಲಿಲ್ಲ. ಜೈಲಿನಿಂದ ಮರಳಿದ ತಂದೆಯೊಬ್ಬ ಮಗನ ಬೂಟಿನ ದಾರ ಕಟ್ಟಲು ಬಗ್ಗಿ, ಕಾಲು ಇಷ್ಟು ದೊಡ್ಡದಾಗಿದ್ದು ಯಾವಾಗ ಎಂದು ತಬ್ಬಿಬ್ಬಾಗುವ ಪುಟ ಅದು. ಟವೆಲು ತೆಗೆಯಹೋದ ಕ್ವಿಗ್ ಅವರ ಮಣಿಕಟ್ಟನ್ನು ಲಿನ್‌ವುಡ್ ಹಿಡಿದುಕೊಂಡರು. "ಇರ್ಲಿ ಬಿಡಣ್ಣ, ಇನ್ನೊಂಚೂರು ಹೊತ್ತು."

ಟಾಲಿವರ್ ಅವರ ವಿಶಿಷ್ಟ ಕಾರ್ಯವಿಧಾನ ಹುಟ್ಟಿದ್ದು ಹೀಗೆ. ಅಂದಿನಿಂದ ಕಷ್ಟದ ಪುಟಗಳೆಲ್ಲ ಟವೆಲಿನ ಹೊತ್ತಿಗೆಂದೇ ಮೀಸಲಾದವು. ಯಾರ ಭುಜವಾದರೂ ಅಲುಗಿದರೆ ಕ್ವಿಗ್ ಎರಡನೆಯ ಟವೆಲು ಹೊದಿಸುತ್ತಿದ್ದರು. ಬೆಂಚಿನವರು ಬೀದಿಯ ಕಡೆ ನೋಡುತ್ತ ಕೂರುತ್ತಿದ್ದರು. ಗಡ್ಡ ನುಣ್ಣಗಾದವರು ಹೋಗುವಾಗ ಏನೂ ಆಗಿಲ್ಲವೆಂಬಂತೆ ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಜೈಲಿನಿಂದ ಬಂದು ನೆಲೆಯಿಲ್ಲದೆ ಅಲೆಯುತ್ತಿದ್ದವರಿಗೆ ಕ್ವಿಗ್ ಅವರ ಅಂಗಡಿಯ ವಿಳಾಸದ ಮೇಲೆಯೇ ಟಾಲಿವರ್ ಗ್ರಂಥಾಲಯದ ಕಾರ್ಡು ಮಾಡಿಕೊಟ್ಟರು, ಅದಕ್ಕಾಗಿ ಮೇಲಿನವರಿಂದ ಬೈಗುಳವನ್ನೂ ತಿಂದರು. ಲಿನ್‌ವುಡ್ ತಮ್ಮ ತಂದೆಯನ್ನು ಮಣ್ಣು ಮಾಡಿದ ದಿನ, ಚರ್ಚಿನ ಊಟದ ಸಾಲಿನಲ್ಲಿ ಅವರ ಪಕ್ಕ ಕುಳಿತು, ತಟ್ಟೆ ಖಾಲಿಯಾಗುವವರೆಗೂ ಜೊತೆಗಿದ್ದವರು ಟಾಲಿವರ್.

ಇಷ್ಟು ಜನರ ಒಳಗುದಿಯನ್ನು ಬಲ್ಲ ಮನುಷ್ಯನ ಮನೆಯೊಳಗೆ ಮಾತ್ರ ಯಾರೂ ಕಾಲಿಟ್ಟಿರಲಿಲ್ಲ. ಪತ್ನಿ ಅರ್ನೆಸ್ಟೀನ್ ತೀರಿಕೊಂಡ ಮೇಲೆ ಅವರು ಗ್ರಂಥಾಲಯ ಮುಚ್ಚಿ, ದಾರಿಯಲ್ಲಿ ಕರಿದ ಮೀನು, ಬ್ರೆಡ್ಡು ಕಟ್ಟಿಸಿಕೊಂಡು ಹೋಗಿ ಅಡುಗೆಮನೆಯಲ್ಲಿ ನಿಂತೇ ತಿನ್ನುತ್ತಿದ್ದರು. ಆಮೇಲೆ ಶನಿವಾರದ ಪುಟಗಳನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದರು. ಹೊರಗಿನ ಮೆಟ್ಟಿಲ ಮೇಲೆ ಗಾಳಿಗೆ ಕುಳಿತ ನೆರೆಯವರು ಒಳಗಿನ ದನಿ ಕೇಳಿ, ಈ ಮನೆಗೆ ದಿನವೂ ನೆಂಟರು ಎಂದುಕೊಳ್ಳುತ್ತಿದ್ದರಂತೆ. ನಿವೃತ್ತಿಯ ದಿನ ಹತ್ತಿರವಾದಂತೆ ಅವರಿಗೆ ಭಯವಾಗತೊಡಗಿತು. ಹಗಲಿಗೆ ಗ್ರಂಥಾಲಯವಾದರೂ ಇತ್ತು. ಇನ್ನು ಮುಂದೆ ಆ ಮನೆಯೊಂದೇ. ಯಾರಿಗಾದರೂ ಹೇಳಬೇಕೆಂದು ಅಂಗಡಿಯವರೆಗೆ ಬಂದು, ಬೇರೆಯವರಿಗೆ ಓದಿ, ಹೇಳದೆಯೇ ಮರಳುತ್ತಿದ್ದರು.

ಬೀಳ್ಕೊಡುಗೆಯ ಶನಿವಾರ ಟಾಲಿವರ್ ಅವರನ್ನು ಕ್ವಿಗ್ ಎಳೆದು ಕುರ್ಚಿಯಲ್ಲಿ ಕೂರಿಸಿದರು. ಅಷ್ಟು ವರ್ಷ ಮನೆಯಲ್ಲೇ ಕ್ಷೌರ ಮಾಡಿಕೊಂಡ ಮುಖಕ್ಕೆ ಮೊದಲ ಬಾರಿ ಬಿಸಿ ಟವೆಲು ಬಿತ್ತು. ಲಿನ್‌ವುಡ್ ಕನ್ನಡಕ ಏರಿಸಿ, ತಡವರಿಸುತ್ತ, ಬೂಟಿನ ದಾರದ ಆ ಪುಟವನ್ನೇ ಓದಿದರು. ತಮ್ಮನ್ನು ಅಳಿಸಿದ್ದು ಸಾರನ್ನೂ ಅಳಿಸುತ್ತದೆಂದು ಅವರು ದೃಢವಾಗಿ ನಂಬಿದ್ದರು. ಪದ್ಧತಿಯಂತೆ ಎಲ್ಲರೂ ಬೀದಿ ನೋಡಿದರು. ಕ್ವಿಗ್ ಎರಡನೆಯ ಟವೆಲನ್ನೂ ಹೊದಿಸಿದರು.

ಟಾಲಿವರ್ ಅದನ್ನು ತಾವೇ ಕಿತ್ತು ತೆಗೆದರು. ಕಣ್ಣು ಒಣಗಿತ್ತು.

"ಉಸಿರು ಕಟ್ತಿದೆ ಕಣಪ್ಪಾ. ಚೆನ್ನಾಗಿ ಓದ್ದೆ ಲಿನ್‌ವುಡ್. ಆದ್ರೆ ಅದು ನಿನ್ನ ಪುಟ, ನನ್ದಲ್ಲ."

"ನಿಮ್ದು ಯಾವ್ದು ಹೇಳಿ ಸಾರ್, ಅದನ್ನೇ ಓದ್ತೀನಿ."

"ಹೆಂಡ್ತಿ ಹೋದ್ಮೇಲೆ ಮನೇಲಿ ಮಾತಿಗೂ ಯಾರೂ ಇಲ್ಲದ ಗಂಡಸಿಂದು. ಗೋಡೆ ತುಂಬಾ ಹುಡುಕಿದೀನಿ. ಸಿಗ್ಲಿಲ್ಲ."

ಲಿನ್‌ವುಡ್ ಅವರಿಗೆ ಕೋಪವೇ ಬಂದಿತ್ತು. "ಇಷ್ಟು ವರ್ಷದಲ್ಲಿ ಒಂದ್ಸಲನಾದ್ರೂ ಹೇಳ್ಬಾರ್ದಿತ್ತಾ ಸಾರ್?"

"ಯಾರೂ ಕೇಳ್ಲಿಲ್ಲವಲ್ಲಪ್ಪಾ," ಎಂದರು ಟಾಲಿವರ್. ದೂರಿನ ದನಿಯೇನೂ ಅದರಲ್ಲಿರಲಿಲ್ಲ, ಕೇಳಿದವರಿಗೆ ಅದೇ ಹೆಚ್ಚು ಚುಚ್ಚಿತು.

ಅಂದು ಸಂಜೆ ಟಾಲಿವರ್ ಅವರ ಮನೆಯ ಬಾಗಿಲನ್ನು ಲಿನ್‌ವುಡ್ ತಟ್ಟಿದರು. ಟಾಲಿವರ್ ಬಾಗಿಲು ತೆರೆದು, ಒಳಗೆ ಕರೆದು, ನಡುಮನೆಯಲ್ಲಿ ಪೇಚಾಡುತ್ತ ನಿಂತುಬಿಟ್ಟರು. ಬಂದವರನ್ನು ಕೂರಿಸಲು ಜಾಗವಿರಲಿಲ್ಲ. ಅರ್ನೆಸ್ಟೀನ್ ಕೂರುತ್ತಿದ್ದ ಕುರ್ಚಿಯ ಮೇಲೆ ಪುಸ್ತಕಗಳನ್ನು ಎದೆಯೆತ್ತರಕ್ಕೆ ಪೇರಿಸಲಾಗಿತ್ತು. ಇಬ್ಬರೂ ಸೇರಿ ಅವನ್ನೆತ್ತಿ ನೆಲಕ್ಕಿಳಿಸಿದರು.

ನಿವೃತ್ತರಾಗುತ್ತಿರುವ ಹಿರಿಯರಿಗೆ ಆಯುರಾರೋಗ್ಯ ಕೋರುವುದು ಸಂಪ್ರದಾಯ. ಶ್ರೀ ಟಾಲಿವರ್ ಅವರಿಗೆ ಅವೆರಡೂ ತುಂಬಿ ಬರಲಿ, ತಮಗೆ ಸಿಗದ ಆ ಪುಟವನ್ನು ಅವರೇ ಬರೆಯುವಂತಾಗಲಿ. ಮತ್ತು ಪುಸ್ತಕವನ್ನು ನೆಲಕ್ಕೆ ತಾಗಗೊಡದೆ ಬಾಳಿದ ಈ ಗ್ರಂಥಪಾಲಕರ ಮನೆಯಲ್ಲಿ, ಆ ಪುಸ್ತಕಗಳು ಇನ್ನು ನೆಲದ ಮೇಲೆಯೇ ಇರಲಿ.