ಕಾಗುಣಿತ ಉಳಿಸಿದ ಹಳೆಯ ಆವೃತ್ತಿ

ಅರಬ್ಬಿ ಮಾತಾಡುವ ಸ್ಫಾಕ್ಸ್ ಎಂಬ ಬಂದರು ಊರಿನ ಅಂಧರ ಶಾಲೆಯಲ್ಲಿ ಕಂಪ್ಯೂಟರುಗಳ ಉಸ್ತುವಾರಿ ನಜೀಹಾ ಗರ್ಸಲ್ಲಿಯದು. ಮೊದಲು ಬಂದರಿನ ಬಳಿಯ ಅಂಗಡಿಯಲ್ಲಿ ಅರ್ಜಿ ಟೈಪು ಮಾಡುತ್ತಿದ್ದವಳು. ಟೈಪ್‌ರೈಟರು ಮೂಲೆ ಸೇರಿ ಅಂಗಡಿ ಮುಚ್ಚಿದಾಗ, ನಲವತ್ತು ದಾಟಿದ ಮೇಲೆ, ಸಂಜೆ ತರಗತಿಗೆ ಹೋಗಿ ಹೊಸ ವಿದ್ಯೆ ಕಲಿತಳು. ಅಂದಿನಿಂದ ಹಳೆಯದೆಂದರೆ ಅವಳಿಗೆ ಅಷ್ಟಕ್ಕಷ್ಟೆ. "ಹಳತಿಗೆ ಜೋತುಬಿದ್ರೆ ಏನಾಗುತ್ತೆ ಅಂತ ನನ್ನ ಕೇಳಿ" ಎನ್ನುವಳು.

ಆ ವರ್ಷ ಪರೀಕ್ಷೆ ಹತ್ತಿರ ಬಂದಾಗ ಬ್ರೈಲ್ ಮುದ್ರಣದ ಕಂಪ್ಯೂಟರು ಸತ್ತಿತು. ಅರಬ್ಬಿ ಬರಹವನ್ನು ಚುಕ್ಕೆಗಳಿಗೆ ಇಳಿಸುವ ಪ್ರೋಗ್ರಾಮು ಬರೆದ ಮೇಷ್ಟ್ರು ತೀರಿಕೊಂಡು ಎಷ್ಟೋ ಕಾಲವಾಗಿತ್ತು, ತಿದ್ದುವವರಿಲ್ಲ. ಹೊಸ ಕಂಪ್ಯೂಟರಿನದೋ ಬೇರೆ ಜಾತಿಯ ಸಿಸ್ಟಮ್, ಪ್ರೋಗ್ರಾಮು ಅದರಲ್ಲಿ ನೇರವಾಗಿ ಓಡದು. ನಜೀಹಾ ಹೊಸ ಕಂಪ್ಯೂಟರಿನಲ್ಲಿ ಒಂದು ವರ್ಚುವಲ್ ಮಷಿನ್ ಕೂರಿಸಿದಳು, ಅಂದರೆ ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರು. ಅದಕ್ಕೂ ಪ್ರೋಗ್ರಾಮಿಗೆ ಒಗ್ಗುವ ಒಂದು ಆಪರೇಟಿಂಗ್ ಸಿಸ್ಟಮ್ ಬೇಕು. ಯೋಚಿಸದೆ ಎಲ್ಲಕ್ಕಿಂತ ಹೊಸ ಆವೃತ್ತಿಯನ್ನೇ ಹಾಕಿದಳು. ಪ್ರೋಗ್ರಾಮು ತೆರೆದುಕೊಂಡಿತು, ಹಾಳೆಯೂ ಹೊರಬಂತು.

ಅರಬ್ಬಿ ಕಲಿಸುವ ಸಿ ಬಶೀರ್ ಹುಟ್ಟುಗುರುಡರು. (ಅಲ್ಲಿ ಗಂಡಸರನ್ನು 'ಸಿ', ಹೆಂಗಸರನ್ನು 'ಲಲ್ಲಾ' ಎಂದು ಗೌರವದಿಂದ ಕರೆಯುವುದು ರೂಢಿ.) ಹಾಳೆಯ ಮೇಲೆ ಬೆರಳಾಡಿಸಿ ನಕ್ಕರು.

"ಮಗಳೇ, ನಿನ್ನ ಮಷಿನ್ನಿಗೆ ಹಲ್ಲು ಉದುರಿದೆಯಲ್ಲೇ!"

"ಯಾಕೆ ಸಿ ಬಶೀರ್, ಏನಾಯ್ತು?"

"ಸ್ವರಚಿಹ್ನೆ ಒಂದೂ ಇಲ್ಲ. ಕ, ತ, ಬ ಅಂತ ಬರೀ ಮೂರಕ್ಷರ ಇದೆ. ಇದನ್ನ 'ಬರೆದ' ಅಂತ ಓದ್ಲೋ, 'ಪುಸ್ತಕಗಳು' ಅಂತ ಓದ್ಲೋ? ನಾನೇನೋ ಊಹಿಸ್ಕೋತೀನಿ. ಪರೀಕ್ಷೆ ಬರೆಯೋ ಮಕ್ಕಳು?"

ನಜೀಹಾಳ ಮುಖ ಸಪ್ಪಗಾಯಿತು. ಪರದೆಯ ಮೇಲೆ ಚಿಹ್ನೆಗಳೆಲ್ಲ ಇದ್ದವು. ಕಾಗದಕ್ಕೆ ಬರುವಾಗ ಕಾಗುಣಿತ ಹಾರಿಹೋಗಿತ್ತು. ಅದರ ಹಿಂದಿನ ಆವೃತ್ತಿ ಹಾಕಿದಳು, ಅದೇ ಕಥೆ. ತೀರ ಹಳೆಯದನ್ನು ಹಾಕಿದರೆ ಅದಕ್ಕೆ ಮುದ್ರಣಯಂತ್ರದ ಗುರುತೇ ಸಿಗಲಿಲ್ಲ. ಕೊನೆಗೆ ನಡುವಿನದೊಂದು ಉಳಿಯಿತು. ತಾನು ಸಂಜೆ ತರಗತಿಗೆ ಸೇರುವ ಹೊತ್ತಿಗೇ ಮಾರುಕಟ್ಟೆಯಿಂದ ಹೋಗಿದ್ದ ಆವೃತ್ತಿ ಅದು. ಮನಸ್ಸಿಲ್ಲದ ಮನಸ್ಸಿನಿಂದ ಅದನ್ನೇ ಹಾಕಿದಳು.

ಹೊಸ ಹಾಳೆ ತಂದುಕೊಟ್ಟಾಗ ಸಿ ಬಶೀರ್ ನಗಲಿಲ್ಲ. ಕೊನೆಯ ಸಾಲಿನವರೆಗೂ ಗಟ್ಟಿಯಾಗಿ ಓದಿದರು, ಎಲ್ಲೂ ತಡವರಿಸಲಿಲ್ಲ. "ಹಾಂ, ಇದು ಅರಬ್ಬಿ" ಎಂದರು.

ಮುಖ್ಯೋಪಾಧ್ಯಾಯಿನಿ ಲಲ್ಲಾ ಸುಆದ್‌ಗೆ ಮಾತ್ರ ಸಮಾಧಾನವಿಲ್ಲ. "ಹೊಸ ಯಂತ್ರ ತಂದು ಅದರೊಳಗೆ ಮುದುಕನ್ನ ಕೂರಿಸಿದೀಯಲ್ಲ! ವೈರಸ್ ಬಂದ್ರೆ?"

"ಅದಕ್ಕೇ ಇಂಟರ್ನೆಟ್ ಕೊಟ್ಟಿಲ್ಲ ಲಲ್ಲಾ. ಹೊರಗಿನ ಗಾಳಿ ತಾಗಲ್ಲ, ಅದರ ಪಾಡಿಗೆ ಅದಿರುತ್ತೆ."

"ಹೊಸದೇ ಆಗ್ಬೇಕು ಅಂತಿದ್ದೋಳು ನೀನೇ ಅಲ್ವಾ?"

"ಹೌದು, ನಾನೇ" ಎಂದಳು ನಜೀಹಾ.

ಪ್ರಶ್ನೆಪತ್ರಿಕೆಗಳು ಸಕಾಲಕ್ಕೆ ಮುದ್ರಣವಾದವು. ಬೇಸಿಗೆಯಲ್ಲಿ ಗಾಬೆಸ್‌ನ ಅಂಧರ ಶಾಲೆಯವರೂ ಇದೇ ಕೆಲಸಕ್ಕೆ ಅವಳನ್ನು ಕರೆಸಿಕೊಂಡರು. ಅಲ್ಲಿಯೂ ಅದೇ ಆವೃತ್ತಿಯನ್ನು ಕೂರಿಸಿ, ಸಿ ಬಶೀರ್‌ಗೆಂದು ಒಂದು ಬುಟ್ಟಿ ಖರ್ಜೂರ ತಂದಳು.