ಒಂದು ಕೈಗೊಂದು ಶಿಫ್ಟ್

ಎರಡು ಕೈ ಇರುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಬರೆಯಲಿರುವುದನ್ನು ಓದಿ ನೀವು ಹಾಗೆ ತಿಳಿಯುವ ಸಾಧ್ಯತೆ ಉಂಟು. ನನ್ನ ತಕರಾರು ಅವರ ಮೇಲಲ್ಲ. ತಮ್ಮ ಎರಡು ಕೈಗಳನ್ನೇ ಅಳತೆಗೋಲು ಮಾಡಿಕೊಂಡು ಅವರು ತಯಾರಿಸಿಟ್ಟ ವಸ್ತುಗಳ ಮೇಲೆ. ಬಳೆಯನ್ನೇ ನೋಡಿ. ಒಂದು ಕೈಗೆ ಬಳೆ ಏರಬೇಕಾದರೆ ಇನ್ನೊಂದು ಕೈಯ ಕೃಪೆ ಬೇಕು. ಹೂ ಕಟ್ಟುವುದಕ್ಕಂತೂ ಎರಡು ಕೈ ಸಾಲದೆ ಕಾಲಿನ ಹೆಬ್ಬೆರಳನ್ನೂ ಕರೆಯುತ್ತಾರೆ. ಬಾಳೆಹಣ್ಣು ಮಾತ್ರ ಮನುಷ್ಯರು ಮಾಡಿದ್ದಲ್ಲವಾದ್ದರಿಂದ ಹಲ್ಲಿನಲ್ಲಿ ಸುಲಿಯಲು ಬರುತ್ತದೆ.

ನನಗೂ ಲೆಕ್ಕಕ್ಕೆ ಎರಡು ಕೈಗಳೇ. ಎಳೆಯ ವಯಸ್ಸಿನಲ್ಲಿ ಬಂದ ಪೋಲಿಯೋ ಜ್ವರದ ನಂತರ ಬಲಗೈ ಬೆಳೆಯಲಿಲ್ಲ, ಏಳಲಿಲ್ಲ. ಮದುವೆ ಮನೆಗೆ ಬಂದ ದೊಡ್ಡಪ್ಪನಂತೆ ಅದು ನಾನು ಹೋದಲ್ಲೆಲ್ಲ ಬರುತ್ತದೆ, ಪಕ್ಕದಲ್ಲಿ ಗಂಭೀರವಾಗಿ ಇರುತ್ತದೆ, ಯಾವ ಕೆಲಸವನ್ನೂ ಮಾಡುವುದಿಲ್ಲ. ಊಟ, ಬರಹ, ತಲೆ ಬಾಚುವುದು ಎಲ್ಲವೂ ಎಡಗೈಯ ಪಾಲು. ಇದರಿಂದ ನನಗೆ ಆದ ತೊಂದರೆಗಿಂತ ನೋಡುವವರಿಗೆ ಆದ ಕಸಿವಿಸಿಯೇ ಹೆಚ್ಚು. ತಮಿಳುನಾಡಿನಲ್ಲಿರುವ ನಮ್ಮ ಕೊಳತ್ತೂರಿನಿಂದ ಸೇಲಂಗೆ ಬರುವ ಬಸ್ಸಿನಲ್ಲಿ ಎಡಗೈಯಿಂದ ಕಾಸು ನೀಡಿದರೆ ಕಂಡಕ್ಟರು ಮುಖ ಸಿಂಡರಿಸಿ, "ಸೋತ್ತಾಂಗೈಯಿಲ ಕುಡುಮ್ಮಾ" ಎನ್ನುತ್ತಾರೆ. ಅನ್ನ ತಿನ್ನುವ ಕೈಯಲ್ಲಿ ಕೊಡಮ್ಮ ಎಂದು ಅದರ ಅರ್ಥ. ನಾನು ಅನ್ನ ತಿನ್ನುವುದೂ ಇದೇ ಕೈಯಲ್ಲಿ ಎಂದು ವಿವರಿಸುವಷ್ಟರಲ್ಲಿ ಅವರು ಮುಂದಿನ ಸಾಲಿಗೆ ಹೋಗಿರುತ್ತಾರೆ.

ಆದ್ದರಿಂದಲೇ ನಾನು ಕಂಪ್ಯೂಟರ್ ಕಲಿಯಲು ಸೇರಿದ ಸುದ್ದಿ ತಿಳಿದಾಗ ನಮ್ಮವ್ವ ಕೇಳಿದ ಮೊದಲ ಪ್ರಶ್ನೆ ಬಹಳ ಸಮಂಜಸವಾಗಿತ್ತು. "ಅಲ್ಲ ಕಣೇ ಮಾದೇವಿ, ಆ ಪೆಟ್ಟಿ ಎಡಗೈ ಅಂತ ಬೈಯಾಕಿಲ್ವಾ?"

"ಇಲ್ಲವ್ವ. ಅದಕ್ಕೆ ಯಾವ ಕೈ ಆದ್ರೂ ಒಂದೇ."

"ಅಂಗಾದ್ರೆ ಅದು ಮನುಷರಿಗಿಂತ ವಾಸಿ ಬುಡು."

ಅವ್ವನಿಗೆ ಪೂರ್ತಿ ಸತ್ಯವನ್ನು ಹೇಳಿರಲಿಲ್ಲ. ಯಾವ ಕೈ ಎಂಬ ಭೇದ ಆ ಪೆಟ್ಟಿಗೆ ಇಲ್ಲ, ನಿಜ. ಆದರೆ ಕೈಗಳು ಎರಡೇ ಇರಬೇಕೆಂಬ ಹಟ ಅದಕ್ಕೆ ಚೆನ್ನಾಗಿಯೇ ಇದೆ. ಕೀಬೋರ್ಡಿನ ಶಿಫ್ಟ್ ಎಂಬ ಕೀಲಿಯನ್ನು ಒಂದು ಬೆರಳು ಒತ್ತಿ ಹಿಡಿದಿರಬೇಕು. ಹಿಡಿದಿರುವಾಗಲೇ ಇನ್ನೊಂದು ಬೆರಳು ಬೇಕಾದ ಅಕ್ಷರವನ್ನು ಒತ್ತಬೇಕು. (ಕೀಲಿಮಣೆ ಎಂದು ಬರೆಯುವುದು ಶುದ್ಧವೆಂದು ಬಲ್ಲೆ. ಆದರೆ ಶಾಲೆಯಲ್ಲಿ ನಾನು ಕಲಿತದ್ದು ತಮಿಳು. ಕನ್ನಡ ಬರಹವನ್ನು ಕಾಲೇಜಿನ ದಿನಗಳಲ್ಲಿ ನಾನಾಗಿಯೇ ಕಲಿತೆ. ಅಭ್ಯಾಸವಿಲ್ಲದ ಪದವನ್ನು ಬಳಸಿ ಸಿಕ್ಕಿಬೀಳುವುದಕ್ಕಿಂತ ಎಲ್ಲರೂ ಆಡುವ ಪದವೇ ಕ್ಷೇಮ.)

ಈ ಒತ್ತಿ ಹಿಡಿಯುವ ಪದ್ಧತಿಯ ಮೂಲವನ್ನು ನಾನು ಸ್ವಲ್ಪ ವಿಚಾರಿಸಿದ್ದೇನೆ. ಕಂಪ್ಯೂಟರಿಗೆ ಮೊದಲು ಟೈಪ್‌ರೈಟಿಂಗ್ ಕಲಿಯಲು ಹೋಗಿದ್ದೆ. ಲೋವರ್ ಎಂಬ ಮೊದಲ ಹಂತದ ಪರೀಕ್ಷೆಯಲ್ಲಿ ಒಂದೂ ತಪ್ಪಿಲ್ಲದೆ, ವೇಗವೂ ಇಲ್ಲದೆ, ನಪಾಸಾದೆ. ಅಲ್ಲಿ ಶಿಫ್ಟ್ ಒತ್ತಿದರೆ ಯಂತ್ರದೊಳಗಿನ ಕಬ್ಬಿಣ ನಿಜವಾಗಿಯೇ ಜಾಗ ಬದಲಿಸುತ್ತಿತ್ತು. ಬೆರಳು ತೆಗೆದರೆ ಅದು ಸ್ವಸ್ಥಾನಕ್ಕೆ ಮರಳುತ್ತಿತ್ತು. ಹಿಡಿದಿರಲೇಬೇಕು, ಭಾರವಾದ ವಸ್ತುವಿನ ಧರ್ಮವೇ ಅದು. ಹಾಗಿದ್ದೂ ಆ ಯಂತ್ರ ಮಾಡಿದವರಿಗೆ ಕರುಣೆ ಇತ್ತು. ಕಬ್ಬಿಣವನ್ನು ಹಾಗೆಯೇ ನಿಲ್ಲಿಸಲು ಪಕ್ಕದಲ್ಲಿ ಒಂದು ಕೊಕ್ಕೆ ಇಟ್ಟಿದ್ದರು. ಕಂಪ್ಯೂಟರಿನಲ್ಲಿ ಕಬ್ಬಿಣವಿಲ್ಲ, ಭಾರವಿಲ್ಲ. ಒಳಗೆ ಏನೂ ಜಾಗ ಬದಲಿಸುವುದಿಲ್ಲ. ಆದರೂ ಹಿಡಿದಿರಬೇಕು! ಇದ್ದ ಕೊಕ್ಕೆಯನ್ನೂ ದೊಡ್ಡಕ್ಷರಗಳಿಗೆ ಮಾತ್ರ ಮೀಸಲಿಟ್ಟು, ಅಂಕೆಗಳ ಮೇಲಿನ ಗುರುತುಗಳಿಂದ ಬಿಡಿಸಿಬಿಟ್ಟರು. ಕಾರಣ ಸತ್ತುಹೋದ ಮೇಲೂ ನಡೆದು ಬರುವ ಆಚಾರವನ್ನು ಹಳ್ಳಿಯವರು ಪಾಲಿಸಿದರೆ ಮೂಢನಂಬಿಕೆ ಎನ್ನುತ್ತಾರೆ. ಕಂಪ್ಯೂಟರಿನಲ್ಲಿ ಅದಕ್ಕೆ ಏನು ಹೆಸರೋ ನನಗೆ ತಿಳಿಯದು.

ನನ್ನ ಕೈ ಚಿಕ್ಕದು. ಹೆಬ್ಬೆರಳನ್ನೂ ಕಿರುಬೆರಳನ್ನೂ ಎಷ್ಟು ಅಗಲಿಸಿದರೂ ಒಂದು ಗುರುತು ಮಾತ್ರ ಎಟುಕುತ್ತಿರಲಿಲ್ಲ: ಅಂಕೆ ಏಳರ ತಲೆಯ ಮೇಲೆ ಕುಳಿತಿರುವ, 'ಅಂಡ್' ಎಂದು ಓದಬೇಕಾದ & ಎಂಬ ಸುರುಳಿ. ಎರಡೂ ಶಿಫ್ಟುಗಳಿಂದ ಅಷ್ಟಷ್ಟೇ ದೂರದಲ್ಲಿ, ಮೇಲಿನ ಸಾಲಿನ ನಡುಮಧ್ಯದಲ್ಲಿ ಅದರ ವಾಸ. ಬೇರೆ ಊರಾಗಿದ್ದರೆ ಅದಿಲ್ಲದೆಯೂ ಬದುಕಬಹುದಿತ್ತು. ಆದರೆ ಸೇಲಂನಲ್ಲಿ ಬೆಳ್ಳಿ ಕಾಲ್ಗೆಜ್ಜೆಯ ಅಂಗಡಿಯಿಂದ ಜವ್ವರಿಸಿ, ಅಂದರೆ ಸಬ್ಬಕ್ಕಿ, ಮಿಲ್ಲಿನ ತನಕ ಯಾವ ಹಲಗೆಯನ್ನು ನೋಡಿದರೂ ಅಂಡ್ ಸನ್ಸ್, ಅಂಡ್ ಬ್ರದರ್ಸ್, ಅಂಡ್ ಕೋ. ಗಂಡುಮಕ್ಕಳಿಲ್ಲದ ವ್ಯಾಪಾರವೇ ಈ ಊರಿನಲ್ಲಿ ಇಲ್ಲವೇನೋ. ಆ ಸುರುಳಿಗಾಗಿ ನಾನು ಬಗ್ಗಿ, ಗದ್ದದಿಂದ ಶಿಫ್ಟನ್ನು ಒತ್ತಿ ಹಿಡಿದು, ಬೆರಳಿನಿಂದ ಏಳನ್ನು ಮುಟ್ಟುತ್ತಿದ್ದೆ. ಪಕ್ಕದ ಯಂತ್ರದ ಸೆಲ್ವಿ ಒಮ್ಮೆ, "ಏನಕ್ಕಾ, ಕೀಬೋರ್ಡಿಗೆ ಮುತ್ತಾ? ಮಾಪ್ಪಿಳ್ಳೈ ಸಿಕ್ಕಿಬುಟ್ನಾ?" ಎಂದು ಕೇಳಿದಾಗ ಇಡೀ ತರಗತಿ ನಕ್ಕಿತು. ಮಾಪ್ಪಿಳ್ಳೈ ಎಂದರೆ ಮದುವೆ ಗಂಡು. ನಾನೂ ನಕ್ಕೆ. ಗದ್ದ ಮಾತ್ರ ನೋಯುತ್ತಿತ್ತು.

ಇಷ್ಟೇ ಆಗಿದ್ದರೆ ನಕ್ಕು ಮರೆಯಬಹುದಿತ್ತು. ಆದರೆ ತರಬೇತಿ ಮುಗಿಯುವ ಹೊತ್ತಿಗೆ, ಹುಡುಗಿಯರ ಬೆಳಗಿನ ತರಗತಿಗೆ ಒಬ್ಬ ಶಿಕ್ಷಕಿ ಬೇಕೆಂದು ಕೇಂದ್ರದ ಮಾಲೀಕರು ಪ್ರಕಟಿಸಿದರು. ಅವರು ಸೇಲಂನಲ್ಲಿಯೇ ಹುಟ್ಟಿ ಬೆಳೆದ ಕನ್ನಡದವರು. ಬಿಸಿಲಿನಲ್ಲಿಯೂ ಟೈ ಬಿಚ್ಚದವರು, ಚಪ್ಪಲಿಯನ್ನು ಹೊರಗೆ ಬಿಡದೆ ಯಂತ್ರದ ಕೋಣೆಗೆ ಬಂದವರನ್ನು ಕ್ಷಮಿಸದವರು, ನಮಗೆಲ್ಲ ಸಾರ್. ಅಭ್ಯರ್ಥಿ ಅವರ ಎದುರಿನಲ್ಲಿ ಕುಳಿತು ಒಂದು ವ್ಯಾಪಾರದ ಪತ್ರವನ್ನು ತಪ್ಪಿಲ್ಲದೆ, ಸಮಯದೊಳಗೆ ಟೈಪ್ ಮಾಡಬೇಕು. ಆ ಕೆಲಸ ಸಿಕ್ಕರೆ ನಾನು ಸೇಲಂನಲ್ಲಿ ಉಳಿಯುತ್ತೇನೆ. ಸಿಗದಿದ್ದರೆ ಊರಿಗೆ ಮರಳಬೇಕು. ಊರಿನಲ್ಲಿ ನನಗೆಂದೇ ಒಂದು ಹುದ್ದೆ ಕಾಯ್ದಿರಿಸಲಾಗಿದೆ: ಕಣದಲ್ಲಿ ಒಣಗುವ ಕಡಲೆಕಾಯಿಗೆ ಬರುವ ಕಾಗೆಗಳನ್ನು ಓಡಿಸುವುದು. ಅದಕ್ಕೆ ಒಂದು ಕೈ ಧಾರಾಳವಾಗಿ ಸಾಕು. ಬಿ.ಕಾಂ. ಪದವಿಯೂ ಬೇಕಿಲ್ಲ.

ಕೇಂದ್ರದ ಹೊಸ ಯಂತ್ರಗಳಲ್ಲಿದ್ದ ತಂತ್ರಾಂಶದಲ್ಲಿ ಕೈ ಸರಿಯಿಲ್ಲದವರಿಗೆ ಏನೋ ಸೌಕರ್ಯ ಉಂಟೆಂದು ಎಲ್ಲೋ ಓದಿದ್ದೆ. ಆದರೆ ಅದನ್ನೆಲ್ಲ ಬದಲಾಯಿಸುವ ಜಾಗಕ್ಕೆ ಸಾರ್ ಬೀಗ ಹಾಕಿಸಿದ್ದರು. ಕೇಳಿದಾಗ, "ಒಬ್ಬರಿಗೆ ಅಂತ ಬಿಚ್ಚಿದ್ರೆ ನಾಳೆ ಒಬ್ಬೊಬ್ಬರೂ ಕೇಳ್ತಾರಮ್ಮಾ" ಎಂದರು. ಒಬ್ಬೊಬ್ಬರಿಗೂ ಬೇಕಾದದ್ದನ್ನು ಒಬ್ಬೊಬ್ಬರೂ ಕೇಳಿದರೆ ಲೋಕಕ್ಕೆ ಏನು ಕೇಡು ಎಂಬ ಪ್ರಶ್ನೆ ನನಗೆ ಮೆಟ್ಟಿಲಿಳಿದ ಮೇಲೆ ಹೊಳೆಯಿತು. ನನ್ನ ಒಳ್ಳೆಯ ಉತ್ತರಗಳೆಲ್ಲ ಮೆಟ್ಟಿಲಿಳಿದ ಮೇಲೆಯೇ ಹೊಳೆಯುವುದು.

ಚಪ್ಪಲಿ ಗೂಡಿನ ಪಕ್ಕದಲ್ಲಿ ಒಂದು ಹಳೆಯ ಯಂತ್ರವಿತ್ತು. ಯಾವುದೋ ಕಂಪ್ಯೂಟರ್ ಪತ್ರಿಕೆಯ ಜೊತೆಗೆ ಬಂದ ಸಿ.ಡಿ. ತಟ್ಟೆಯಿಂದ, ಯಂತ್ರ ರಿಪೇರಿಯ ಗೋವಿಂದಣ್ಣ ಅದಕ್ಕೆ ಲಿನಕ್ಸ್ ಎಂಬ ಸ್ವತಂತ್ರ ತಂತ್ರಾಂಶವನ್ನು ಹಾಕಿದ್ದರು. ಹಾಕಿದ ದಿನ ದೊಡ್ಡದಾಗಿ ಕೊಚ್ಚಿಕೊಂಡು, ಮರುದಿನ ಮರೆತಿದ್ದರು. ನಾನು ಅದರ ಮುಂದೆ ಕುಳಿತದ್ದನ್ನು ಕಂಡು, "ಅದ್ರಾಗೆ ಏನೂ ಇಲ್ಲಮ್ಮಾ. ಬರೀ ಕರೀ ಪರದೆ. ಸುಮ್ನೆ ಬಂದದ್ದು, ಕೆಟ್ರೂ ಕೇಳೋರಿಲ್ಲ, ನೋಡ್ಕೋ ಓಗು" ಎಂದರು. ಕೆಟ್ಟರೂ ಕೇಳುವವರಿಲ್ಲದ ವಸ್ತುವನ್ನು ಮುಟ್ಟುವ ಸುಖ ನನಗೆ ಅದುವರೆಗೆ ತಿಳಿದಿರಲಿಲ್ಲ.

ಆ ತಟ್ಟೆಯಲ್ಲಿ ಓದುವ ಬರಹಗಳು ರಾಶಿಯಾಗಿದ್ದವು. ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡು ಓದುತ್ತಾ ಹೋದೆ. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶವೊಂದರ ವಿವರ ಅಲ್ಲಿತ್ತು. ಬರೆದಾತನಿಗೂ ಕಣ್ಣು ಕಾಣದಂತೆ. ತನಗೆ ಬೇಕಾಗಿತ್ತು, ಬರೆದುಕೊಂಡ, ಬೇಕಾದವರೆಲ್ಲ ತೆಗೆದುಕೊಳ್ಳಿ ಎಂದು ಇಟ್ಟ. ಇದು ನನಗೆ ಹೊಸದು. ನಮಗೆ ಕೊಡುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ವೇದಿಕೆಗೆ ಕರೆದು, ಮೂರು ಚಕ್ರದ ಗಾಡಿ ಕೊಟ್ಟು, ಫೋಟೋ ತೆಗೆಯುವ ತನಕ ಅದರ ಹಿಡಿಯನ್ನು ಬಿಡದವರು. ಅದಕ್ಕೂ ಮೊದಲು, ಅಂಗ ಶೇಕಡಾ ಎಷ್ಟು ಕೆಟ್ಟಿದೆ ಎಂದು ವೈದ್ಯರಿಂದ ಬರೆಸಿ ತರಬೇಕು. ಈ ತಟ್ಟೆ ನನ್ನ ಕೈಯನ್ನು ತೋರಿಸು ಎನ್ನಲಿಲ್ಲ. ಬಳಸಬಹುದು, ಬಿಚ್ಚಿ ನೋಡಬಹುದು, ನಿನಗೆ ತಕ್ಕಂತೆ ತಿದ್ದಬಹುದು, ತಿದ್ದಿದ್ದನ್ನು ಬೇರೆಯವರಿಗೆ ಹಂಚಬಹುದು ಎಂದು ಮಾತ್ರ ಅದರ ಷರತ್ತು ಹೇಳುತ್ತಿತ್ತು. ಆ ಭಾಗವನ್ನು ಎರಡನೆಯ ಸಲ ಓದಿದೆ. ಇಂಗ್ಲಿಷ್ ಅರ್ಥವಾಗಲಿಲ್ಲವೆಂದಲ್ಲ. ತಿದ್ದಬಹುದು ಎಂಬ ಮಾತನ್ನು ನನಗೆ ಯಾರೂ ಅದುವರೆಗೆ ಹೇಳಿರಲಿಲ್ಲ. ನಾನೇ ತಿದ್ದಿಕೊಳ್ಳಬೇಕಾದವಳು ಎಂದೇ ಎಲ್ಲರೂ ಹೇಳಿದ್ದರು.

ಯಾವ ಕೀಲಿ ಒತ್ತಿದರೆ ಏನಾಗಬೇಕು ಎಂಬುದು ಅಲ್ಲಿ ಸಾಮಾನ್ಯ ಬರಹದ ಒಂದು ಕಡತದಲ್ಲಿತ್ತು. ಅದನ್ನು ತಿದ್ದತೊಡಗಿದೆ. ನನ್ನ ಮೊದಲ ತಿದ್ದುಪಡಿಯ ಫಲವಾಗಿ ಕೀಬೋರ್ಡು ಪೂರ್ತಿ ಮೂಕವಾಯಿತು. ಇನ್ನೊಂದರಿಂದ ಒಮ್ಮೆ ಎದ್ದ ದೊಡ್ಡಕ್ಷರಗಳು ಇಳಿಯಲೇ ಇಲ್ಲ. ಯಂತ್ರ ಯಾರನ್ನೋ ಬೈಯುತ್ತಿರುವಂತೆ ಕಂಡಿತು. ಕೊನೆಗೆ ಒಂದು ಮಧ್ಯಾಹ್ನ ಶಿಫ್ಟನ್ನು ಒತ್ತಿದೆ, ಬೆರಳು ತೆಗೆದೆ. ಶಿಫ್ಟ್ ಕಾಯುತ್ತಿತ್ತು. ಅವಸರವಿಲ್ಲದೆ ಏಳನ್ನು ಒತ್ತಿದೆ. ಸುರುಳಿ ಬಂದು ಪರದೆಯ ಮೇಲೆ ಕುಳಿತಿತು. ಆ ಸಾಲಿನ ತುದಿಯವರೆಗೂ ಸುರುಳಿಗಳನ್ನೇ ಬರೆದೆ. ಗದ್ದ ಎಂಬ ಅವಯವವನ್ನು ಅಂದೇ ಆ ಕೆಲಸದಿಂದ ನಿವೃತ್ತಿಗೊಳಿಸಿದೆ.

ಪರೀಕ್ಷೆಯ ದಿನ ಯಾವ ಯಂತ್ರವಾದರೂ ಆಗಬಹುದೆಂದರು. ನಾನು ಚಪ್ಪಲಿ ಗೂಡಿನ ಕಡೆಗೆ ನಡೆದೆ. ಪತ್ರ ನಿರೀಕ್ಷಿಸಿದಂತೆಯೇ ಒಂದು ಜವ್ವರಿಸಿ ವ್ಯಾಪಾರಿಯಿಂದ ಇನ್ನೊಬ್ಬರಿಗೆ, ಇಬ್ಬರಿಗೂ ಗಂಡುಮಕ್ಕಳು. ಸಮಯದೊಳಗೆ ಮುಗಿಸಿದೆ. ಸಾರ್ ಹಿಂದೆ ನಿಂತು ನೋಡುತ್ತಿದ್ದರು.

"ಇದೇನಮ್ಮಾ, ಶಿಫ್ಟ್ ಬಿಟ್ಟ ಮೇಲೆ ಹೆಂಗೆ ಬಂತು? ಮೆಷಿನ್ನ ನಿನಗೆ ಬೇಕಾದಂಗೆ ಬದಲಾಯಿಸಿಕೊಂಡಿದೀಯಾ? ಇದು ಪರೀಕ್ಷೆಯಲ್ಲಿ ಮೋಸ ಆಗುತ್ತೆ."

ಇಂಥ ಸಂದರ್ಭಕ್ಕೆಂದು ನಾನು ಶುದ್ಧವಾದ ವಾಕ್ಯಗಳನ್ನು ಮೊದಲೇ ಕಟ್ಟಿಟ್ಟುಕೊಂಡಿದ್ದೆ. ಒಂದೂ ಬರಲಿಲ್ಲ. ಬಂದದ್ದು ಊರಿನ ಮಾತು. "ಸಾರ್, ನಿಮ್ಗೆ ಅಂತ ಎರಡು ಶಿಫ್ಟ್ ಮಡಗವ್ರೆ. ಎಡಗೈಗೊಂದು, ಬಲಗೈಗೊಂದು. ಅದನ್ನ ಯಾರೂ ಮೋಸ ಅನ್ನಲಿಲ್ಲ. ನಾನು ಕೇಳೋದು ಒಂದೇ ಸಾರ್. ಅದು ಚೂರು ನಿಂತ್ಕೊಂಡ್ರೆ ಸಾಕು."

ಸಾರ್ ಕೀಬೋರ್ಡನ್ನು ನೋಡಿದರು. ಅಲ್ಲಿ ಶಿಫ್ಟುಗಳು ಎರಡಿರುವುದನ್ನು ಅವರು ಅಂದೇ ಎಣಿಸಿದರೆಂದು ನನ್ನ ಅನುಮಾನ. ಟೈಯನ್ನು ಸರಿಪಡಿಸಿಕೊಂಡು, "ಸರಿ ಸರಿ, ಪತ್ರದಲ್ಲಿ ತಪ್ಪಿಲ್ಲ. ಕೆಲಸಕ್ಕೆ ಬಾ. ಆದರೆ ಈ ಮೆಷಿನ್ನ ಮುಂಚೆ ಇದ್ದಂಗೆ ಮಾಡಿಬಿಡು" ಎಂದರು.

"ಅಂಗಾದ್ರೆ ಕೆಲಸ ಬ್ಯಾಡ ಸಾರ್" ಎಂದೆ. ಕಾಗೆಗಳು ಕಣ್ಣ ಮುಂದೆ ಹಾದುಹೋದವು.

ಅವರು ಟೈಯನ್ನು ಇನ್ನೊಮ್ಮೆ ಸರಿಪಡಿಸಿಕೊಂಡು, "ದೀಪಾವಳಿ ತನಕ ಇರಲಿ. ಅಪ್ಪುರಮ್ ನೋಡೋಣ" ಎಂದರು.

ಹೀಗೆ ನಾನು ಶಿಕ್ಷಕಿಯಾದೆ, ಗಡುವಿನ ಸಮೇತ. ತರಗತಿಯಲ್ಲಿ ಎರಡೂ ಬಗೆಯನ್ನು ಕಲಿಸಿದೆ: ಹಿಡಿಯುವ ಶಿಫ್ಟು, ಕಾಯುವ ಶಿಫ್ಟು. ನಾನು ಊಹಿಸದಿದ್ದ ಸಂಗತಿಯೆಂದರೆ, ಎರಡು ಕೈ ಸರಿಯಾಗಿರುವ ಹುಡುಗಿಯರೂ ಚಪ್ಪಲಿ ಗೂಡಿನ ಯಂತ್ರಕ್ಕೆ ಸರದಿ ನಿಲ್ಲತೊಡಗಿದರು. ಸೆಲ್ವಿ ಒಂದು ಕೈಯಲ್ಲಿ ಮುರುಕು ತಿನ್ನುತ್ತಾ ಇನ್ನೊಂದರಲ್ಲಿ ಟೈಪ್ ಮಾಡುತ್ತಿದ್ದುದನ್ನು ಕಂಡು ಗದರಿಸಬೇಕೆಂದುಕೊಂಡೆ. ಗದರಿಸುವ ಬದಲು ನಾನೂ ಒಂದು ಮುರುಕು ತೆಗೆದುಕೊಂಡೆ.

ದೀಪಾವಳಿಗೆ ಸ್ವಲ್ಪ ಮುಂಚೆ ಒಂದು ಬೆಳಿಗ್ಗೆ ಕೇಂದ್ರಕ್ಕೆ ಬೇಗ ಹೋದೆ. ಸಾರ್ ಆ ಹಳೆಯ ಯಂತ್ರದ ಮುಂದೆಯೇ ಕುಳಿತಿದ್ದರು. ಬಲಗೈಯಲ್ಲಿ ಟೆಲಿಫೋನನ್ನು ಕಿವಿಗೆ ಹಿಡಿದುಕೊಂಡು ಯಾರದೋ ವಿಳಾಸ ಕೇಳುತ್ತಾ, ಎಡಗೈಯ ಒಂದು ಬೆರಳಿನಿಂದ ಟೈಪ್ ಮಾಡುತ್ತಿದ್ದರು. ಶಿಫ್ಟನ್ನು ಒತ್ತಿದರು, ಬಿಟ್ಟರು, ಅಕ್ಷರವನ್ನು ಒತ್ತಿದರು. ನನ್ನನ್ನು ಕಂಡು ಫೋನಿಗೆ ಅಂಗೈ ಮುಚ್ಚಿ, "ಏನಮ್ಮಾ ನೋಡ್ತಿದೀಯಾ? ಫೋನ್ ಹಿಡ್ಕೊಂಡಿಲ್ವಾ, ಬಾಕಿ ಇರೋದು ಒಂದೇ ಕೈ" ಎಂದರು.

"ಹೌದು ಸಾರ್, ಕಷ್ಟ" ಎಂದೆ, ಸಾಧ್ಯವಾದಷ್ಟು ವಿನಯದಿಂದ.

ದೀಪಾವಳಿ ಬಂತು, ಹೋಯಿತು. ಎರಡು ಸಾವಿರದ ಇಸವಿ ಹುಟ್ಟುತ್ತಲೇ ಕಂಪ್ಯೂಟರುಗಳೆಲ್ಲ ನಿಂತುಹೋಗುತ್ತವೆ ಎಂದು ಈಗ ಎಲ್ಲರೂ ಹೆದರುತ್ತಿದ್ದಾರೆ. ನಮ್ಮ ಸಾರ್‌ಗೆ ಇಡೀ ದಿನ ಅದರದ್ದೇ ಫೋನು. ಯಂತ್ರವನ್ನು ಮುಂಚಿನಂತೆ ಮಾಡು ಎಂದು ಅವರು ಇನ್ನೂ ಹೇಳಿಲ್ಲ. ನಾನೂ ನೆನಪಿಸಿಲ್ಲ. ಎರಡು ಕೈಯೂ ಬಿಡುವಾದಾಗ ಹೇಳುತ್ತಾರೇನೋ.