ಹೊಲಿಗೆ ಟೀಚರಿಗೆ ಸಿಕ್ಕ ಉತ್ತರ

ಎಂಬತ್ತರ ದಶಕದ ಮೊದಲಲ್ಲಿ ಯಲಹಂಕದಲ್ಲಿ ನನಗೆ ಹೊಲಿಗೆ ಕಲಿಸಿದ ಟೀಚರ್ ಕ್ರೈಸ್ತರು. ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಅದರ ಮೇಲೆ ಅಂಗೈಯಿಟ್ಟು ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದರು. ಯಾವ ಮಾತಿಗೂ ತಕ್ಷಣ ಒಪ್ಪುತ್ತಿರಲಿಲ್ಲ. "ದೇವರನ್ನ ಕೇಳಿ ಹೇಳ್ತೀನಿ ಕಣೇ" ಅನ್ನುವುದು ಅವರ ರೂಢಿ.

ಅವರಿಗೆ ನಲವತ್ತು ಸಮೀಪಿಸಿದಾಗ ಬಾಗಲೂರಿನಿಂದ ಒಂದು ಸಂಬಂಧ ಬಂತು. ಹೆಂಡತಿ ತೀರಿಕೊಂಡಿದ್ದ ಮೇಷ್ಟರು, ಇಬ್ಬರು ಹೆಣ್ಣುಮಕ್ಕಳು. ಟೀಚರ್ ಹೋಗಿ ನೋಡಿಕೊಂಡು ಬಂದರು. ಚಿಕ್ಕವಳು ಜ್ವರದಿಂದ ಮಲಗಿದ್ದಳಂತೆ. ಬೇಗ ಉತ್ತರ ಹೇಳು ಎಂದು ಅವರ ಅಣ್ಣ ಒತ್ತಾಯಿಸಿದ. ಈ ವಯಸ್ಸಿನಲ್ಲಿ ಯಾಕೆ ಎಂದು ನೆರೆಯವರು ಆಡಿಕೊಂಡರು. ಇವರು ಮಾತ್ರ ದಿನಾ ಬೆಳಿಗ್ಗೆ ಚರ್ಚಿಗೆ ಹೋಗಿ ಕೂತು ಬರುತ್ತಿದ್ದರು.

ಒಂದು ದಿನ ತಡೆಯಲಾರದೆ ಕೇಳಿದೆ, "ದೇವರು ಏನಂದ್ರು ಟೀಚರ್?"

"ಏನೂ ಅನ್ಲಿಲ್ಲ ಕಣೇ. ಈ ಮದ್ವೆ ಬೇಕಾ ಬೇಡ್ವಾ ಅಂತ ಕೇಳೋಕೇ ಕೂರ್ತೀನಿ. ಆದ್ರೆ ಆ ಮಗೂಗೆ ಜ್ವರ ಬಿಡ್ಲಿ ಸ್ವಾಮಿ ಅಂತಾನೇ ಬಾಯಿಗೆ ಬರತ್ತೆ. ನನ್ನ ವಿಷ್ಯ ಮರ್ತೇ ಹೋಗತ್ತೆ." ಕೈಲಿದ್ದ ಬಟ್ಟೆ ಮಡಿಸಿಟ್ಟು, "ಇದೇ ಉತ್ತರ ಇರ್ಬೇಕು, ಅಲ್ವಾ?" ಅಂದರು.

ಆ ಸಂಜೆಯೇ ಅಣ್ಣನಿಗೆ ಒಪ್ಪಿಗೆ ತಿಳಿಸಿದರು.

ಮದುವೆಗೆ ನಾನೂ ಹೋಗಿದ್ದೆ. ಪಾದ್ರಿಗಳ ಉಪದೇಶ ಉದ್ದವಾಯಿತು. ಗುಣವಾಗಿದ್ದ ಚಿಕ್ಕವಳು ಅಕ್ಕನ ಪಕ್ಕದಿಂದ ಎದ್ದು ಬಂದು, ಮದುಮಗಳ ಬಿಳಿ ಸೀರೆಯ ಮಡಿಲಲ್ಲಿ ತಲೆಯಿಟ್ಟು ನಿದ್ದೆಹೋದಳು. ಆಶೀರ್ವಾದದ ಹೊತ್ತಿಗೆ ಎಲ್ಲರೂ ಎದ್ದು ನಿಂತರು. ಟೀಚರ್ ಮಾತ್ರ ಕೂತಲ್ಲೇ ತಲೆ ಬಾಗಿಸಿದರು. ಪಾದ್ರಿಗಳೂ ಏಳಿ ಅನ್ನಲಿಲ್ಲ.